ಇಮೇಲಿನ ಕೊನೆಯಲ್ಲಿದ್ದ ವಿಳಾಸ

ಜ್ವರದ ಮಗಳನ್ನು ಮಡಿಲಲ್ಲಿ ಮಲಗಿಸಿಕೊಂಡು ಡಾಕ್ಟರ ಕೋಣೆಯ ಹೊರಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಅಕ್ಕ ತಂಗಿ ಇಬ್ಬರು ಒಂದೇ ಫೋನಿಗೆ ತಲೆ ಬಗ್ಗಿಸಿ ಕೂತಿದ್ದರು. ತಂಗಿ ಮಕ್ಕಳ ಬಟ್ಟೆ ಹೊಲಿದು ವೆಬ್‌ಸೈಟಿನಲ್ಲಿ ಮಾರುವವಳೆಂದು ಮಾತಿನಿಂದಲೇ ತಿಳಿಯಿತು.

“ದೊಡ್ಡ ವ್ಯಾಪಾರಸ್ಥೆ ಆಗ್ಬಿಟ್ಟೆ ಕಣೇ. ಜಾಹೀರಾತಿನ ಮೇಲ್ ಕಳಿಸೋಕೆ ಇಷ್ಟು ಜನ ಎಲ್ಲಿ ಸಿಕ್ಕಿದ್ರು?”

“ಫೋನಲ್ಲಿದ್ದ ಇಮೇಲನ್ನೆಲ್ಲ ಒಟ್ಟಿಗೆ ಸೇರಿಸ್ಬಿಟ್ಟೆ ಅಕ್ಕ.”

“ಎಲ್ಲ ಅಂದ್ರೆ, ನಿನ್ನ ಗಂಡಂದೂ?”

ತಂಗಿ ಫೋನಿನಲ್ಲಿ ಪಟ್ಟಿಯನ್ನು ಸರಿಸಿ ನೋಡಿದಳು.

“ನಂಬರ್ ಬ್ಲಾಕ್ ಮಾಡಿದ್ದೆ. ಇಮೇಲ್ ಉಳಿದಿರೋದು ಹೊಳೀಲೇ ಇಲ್ಲ.”

“ಮೇಲ್ ಹೋಯ್ತಾ?”

“ಬೆಳಿಗ್ಗೆ ತಾನಾಗೇ ಹೋಗಿದೆ.”

“ಹೋಗ್ಲಿ ಬಿಡು. ನೀನು ಅಂಗಿ ಮಾರೋದು ಗೊತ್ತಾದ್ರೆ ಏನಂತೆ?”

“ಇಂಥ ಪ್ರತಿ ಇಮೇಲಿನ ಕೊನೇಲೂ ಕಳಿಸೋರ ವಿಳಾಸ ಹಾಕ್ಲೇಬೇಕು, ರೂಲ್ಸು ಅಕ್ಕ. ಹೊಸ ಮನೇದೇ ಹಾಕಿದೀನಿ.”

“ಅಯ್ಯೋ, ಅವನ ಏಟು ತಪ್ಪಿಸ್ಕೊಳ್ಳೋಕೇ ಅಲ್ವೇನೇ ಆ ಮನೆ ಹಿಡಿದಿದ್ದು? ಅವನು ಮೇಲ್ ತೆರೆದು ನೋಡಿದ್ರೆ ನಿಂಗೆ ಗೊತ್ತಾಗತ್ತಾ?”

“ತೋರಿಸತ್ತೆ.” ಅವಳು ಬೆರಳಾಡಿಸಿದಳು. “ನೋಡಿದಾರೆ. ವಿಳಾಸದ ಕೆಳಗಿರೋ ಮ್ಯಾಪ್ ಲಿಂಕೂ ಒತ್ತಿದಾರೆ.”

“ಮಗು ಎಲ್ಲಿದೆ?”

“ಮನೇಲಿ, ಅಮ್ಮನ ಜೊತೆ.”

“ಅಮ್ಮಂಗೆ ಫೋನ್ ಮಾಡು. ಯಾರಿಗೂ ಬಾಗಿಲು ತೆಗೀಬೇಡ ಅನ್ನು.”

ಅವರ ಸರದಿ ಬಂತೆಂದು ನರ್ಸ್ ಕೂಗಿದಳು. ಇಬ್ಬರೂ ಆಗಲೇ ಹೊರಬಾಗಿಲ ಹತ್ತಿರವಿದ್ದರು.

“ಅಮ್ಮ, ನಾನು,” ಎಂದಳು ತಂಗಿ ಫೋನಿಗೆ. “ಅಲ್ಲಿ ಯಾರ ಹತ್ರ ಮಾತಾಡ್ತಿದೀಯ?”

ಬಾಗಿಲು ಅವರ ಹಿಂದೆ ಮುಚ್ಚಿಕೊಂಡಿತು.