ಹನ್ನೆರಡನೇ ಕುರ್ಚಿ

ಅಯ್ಯೋ, ಆ ಸೂಜಿ ಕೆಳಗಿಡು ಅಕ್ಕಾ, ನಾನು ಹೇಳೋದನ್ನ ಪೂರ್ತಿ ಕೇಳು! ನಿನ್ನನ್ನ ಆ ಕುರ್ಚಿಯಿಂದ ಎಬ್ಬಿಸಿದ್ದು ನಾನಲ್ಲ... ಸರಿ, ನಾನೇ. ಆದ್ರೆ ನಿನ್ನ ತಮ್ಮನಾಗಿ ಎಬ್ಬಿಸಿದ್ದಲ್ಲ, ಚರ್ಚ್ ಸಮಿತಿಯ ಕಾರ್ಯದರ್ಶಿಯಾಗಿ ಎಬ್ಬಿಸಿದ್ದು. ಅದಕ್ಕೂ ಇದಕ್ಕೂ ವ್ಯತ್ಯಾಸ ಇಲ್ವಾ? ಯಾಕೆ ನಗ್ತೀಯ?

ಆ ಹನ್ನೆರಡು ಕುರ್ಚಿಗೆ ಜನ ಹೊಂದಿಸೋದು ಅಂದ್ರೆ ಹುಡುಗಾಟ ಅಂದ್ಕೊಂಡ್ಯಾ? ಯೇಸುಸ್ವಾಮಿ ಹನ್ನೆರಡು ಜನ ಶಿಷ್ಯರ ಕಾಲು ತೊಳೆದ್ರು, ಸರಿ. ಅವರಿಗೇನು, ಸಿಕ್ಕಿದೋರನ್ನ ಕೂರಿಸ್ಕೊಂಡ್ರು, ಮೀನು ಹಿಡಿಯೋರನ್ನ! ಅವರಿಗೆ ಸಮಿತಿ ಇತ್ತಾ? ನಮಗಿದೆ. ಅದರ ನೆನಪಿಗೆ ವರ್ಷಕ್ಕೊಂದು ಗುರುವಾರ ಫಾದರ್ ಮಂಡಿಯೂರಿ ಹನ್ನೆರಡು ಜನರ ಕಾಲು ತೊಳೀಬೇಕು, ತೊಳೆದು ಮುತ್ತಿಡಬೇಕು. ಮುತ್ತು ಅಕ್ಕಾ! ಎಂಥೆಂಥ ಕಾಲೋ ಬಂದ್ರೆ? ಅದಕ್ಕೇ ನಾನು ಬುಧವಾರವೇ ಎಲ್ಲರನ್ನೂ ಬೆಂಚಿನ ಮೇಲೆ ಕೂರಿಸಿ, ಕನ್ನಡಕ ಹಾಕ್ಕೊಂಡು, ಒಬ್ಬೊಬ್ಬರ ಹಿಮ್ಮಡಿ ಪರೀಕ್ಷೆ ಮಾಡ್ದೆ. ಬಿರುಕಿದ್ದೋರಿಗೆ ಮುಲಾಮು ಕೊಟ್ಟೆ. ಉಗುರು ಕತ್ತರಿಸಿ, ಸೋಪು ಹಾಕಿ ಮೂರು ಸಲ ಕಾಲು ತೊಳ್ಕೊಂಡು ಬನ್ನಿ ಅಂತ ಚೀಟಿ ಹಂಚಿದೆ. ಹೌದು, ತೊಳೆಸ್ಕೊಳ್ಳೋಕೆ ಬರೋ ಮುಂಚೆ ತೊಳ್ಕೊಂಡೇ ಬರಬೇಕು! ನಗಬೇಡ! ಬ್ಯಾಂಕ್ ಮ್ಯಾನೇಜರಂತೂ ಕಾಲಿಗೆ ಸೆಂಟು ಹೊಡ್ಕೊಂಡು ಬಂದಿದ್ರು. ಹನ್ನೊಂದು ಜನರ ಕಾಲು ತೊಳೆದ ಮೇಲೂ ಬೋಗುಣಿ ನೀರು ಕುಡಿಯೋ ಹಾಗಿತ್ತು, ಗೊತ್ತಾ? ಹತ್ತು ವರ್ಷದಿಂದ ನಾನು ಕಾಪಾಡ್ಕೊಂಡು ಬಂದ ಶಿಸ್ತು ಅದು.

ಎಲ್ಲಾ ಆ ಡಾಕ್ಟರಿಂದ ಆಗಿದ್ದು. ಹನ್ನೆರಡನೇ ಕುರ್ಚಿ ಅವರದ್ದು, ಗಂಟೆ ಹೊಡೆದ್ರೂ ಆಸಾಮಿ ಪತ್ತೆ ಇಲ್ಲ. ಈ ಹೊಸ ಫಾದರ್ ನನ್ನನ್ನ ಒಂದು ಮಾತು ಕೇಳಬಾರದಾ? ಸೀದಾ ಕೊನೇ ಬೆಂಚಿಗೆ ಹೋಗಿ, ಅಷ್ಟು ಜನರಲ್ಲಿ ನಿನ್ನನ್ನೇ "ಬನ್ನಿ ಅಮ್ಮಾ" ಅಂತ ಕರ್ಕೊಂಡು ಬಂದು ಕೂರಿಸಿ, ಮೇಲಂಗಿ ತೆಗೆದಿಟ್ಟು ಬರ್ತೀನಿ ಅಂತ ಒಳಗೆ ಹೋದ್ರು. ನೀನಾದ್ರೂ... ಬೇರೆ ದಿನ ನೀನು ಬೆಳಗಿನ ಪೂಜೆಗೆ ಬಂದು ಹೋಗೋಳು, ನಾನು ಎರಡನೇ ಪೂಜೆಯೋನು. ಇಷ್ಟು ವರ್ಷ ಚೆನ್ನಾಗೇ ನಡೀತಿತ್ತಲ್ಲ! ಗುರುವಾರ ಇರೋದು ಒಂದೇ ಪೂಜೆ, ನಿಜ. ಆದ್ರೂ...

ಪಟ್ಟಿ ಹಿಡ್ಕೊಂಡು ಬಂದು ನೋಡ್ತೀನಿ, ಹನ್ನೊಂದು ಜೊತೆ ಬೆಳ್ಳನೆ ಕಾಲು, ಕೊನೇಲಿ ಒಂದು ಜೊತೆ ನೀಲಿ! ಕಣಕಾಲವರೆಗೂ ನೀಲಿ! ಇಪ್ಪತ್ತೆಂಟು ವರ್ಷ ಬಣ್ಣದ ತೊಟ್ಟೀಲಿ ಬಟ್ಟೆ ತುಳಿದ್ರೆ ಇನ್ನೇನಾಗುತ್ತೆ, ಎಷ್ಟು ಉಜ್ಜಿದ್ರೂ ಹೋಗಲ್ಲ, ನಿನ್ನ ತಪ್ಪಲ್ಲ, ಒಪ್ತೀನಿ. ಆದ್ರೆ ನಾನು ಮುಖ ನೋಡಲೇ ಇಲ್ಲ ಅಕ್ಕಾ. ಆಣೆ ಮಾಡಿ ಹೇಳ್ತೀನಿ, ಬರೀ ಕಾಲು ನೋಡಿದ್ದು. "ಈ ಕುರ್ಚಿ ಬೇರೆಯವರದ್ದು, ಏಳಮ್ಮಾ" ಅಂದೆ. ಯಾರು ಕೂತಿದ್ರೂ ಹಾಗೇ ಅಂತಿದ್ದೆ. ನೀನೂ ಎದ್ದು ಬಾಗಿಲ ಕಡೆ ಹೋದೆ. ಅಷ್ಟೇ ತಾನೇ ಆಗಿದ್ದು?

ಆಮೇಲೆ ಏನಾಯ್ತು ಅಂತ ನಿನಗೆ ಗೊತ್ತಿಲ್ಲ. ಹನ್ನೊಂದು ಮುಗಿಸಿ ಫಾದರ್ ಆ ಖಾಲಿ ಕುರ್ಚಿ ಮುಂದೆ ಮಂಡಿಯೂರಿದ್ರು. ಏಳಲೇ ಇಲ್ಲ! ಹಾಡೋರಿಗೆ ಹಾಡು ಮುಗಿದುಹೋಯ್ತು. ಕೊನೆಗೆ ಎದ್ದು, "ಯೇಸುಸ್ವಾಮಿ ಇಲ್ಲಿ ಬಂದು ಕೂತಿದ್ರು, ಯಾರೋ ಎಬ್ಬಿಸಿ ಕಳಿಸಿದ್ದೀರಿ" ಅಂದ್ರು. ಎಲ್ಲರೂ ಹಿಂದೆ ತಿರುಗಿ ನೋಡಿದ್ರು, ನಾನೂ ನೋಡಿದೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋ ದಡ್ಡ ನಾನಲ್ಲ. "ಛೇ, ಎಂಥ ಜನ!" ಅಂತ ಎಲ್ಲರಿಗಿಂತ ಜೋರಾಗಿ ಅಂದೆ.

ಈಗ ಫಾದರ್ ಭಾನುವಾರ ಎಲ್ಲರೆದುರು ಆ ತಾಯಿಯ ಕ್ಷಮೆ ಕೇಳ್ತಾರಂತೆ. ಹುಡುಕಿ ಕರ್ಕೊಂಡು ಬನ್ನಿ ಅಂತ ಹೇಳಿದ್ದು ಯಾರಿಗೆ? ನನಗೇ! ಅದಕ್ಕೇ ಬಂದೆ. ನೀನು ಬಾ. ಮಂಡಿನೋವು ಬಂತು, ನಾನಾಗೇ ಎದ್ದು ಹೋದೆ ಅಂತ ಒಂದು ಮಾತು ಹೇಳು ಸಾಕು. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ. ಆಮೇಲೆ... ನಾನು ನಿನ್ನ ತಮ್ಮ ಅಂತ ಮಾತ್ರ ಅಲ್ಲಿ ಹೇಳೋಕೆ ಹೋಗಬೇಡ.

ಯಾಕೆ ಅಂದ್ರೆ... ಸುಮ್ನೆ. ಅದರಲ್ಲೇನಿದೆ? ಇಷ್ಟೊತ್ತು ನಗ್ತಿದ್ದೋಳು ಈಗ್ಯಾಕೆ ನಿಲ್ಲಿಸ್ದೆ? ಸಮಿತಿಯೋರು ತಪ್ಪು ತಿಳ್ಕೋತಾರೆ, ಅದಕ್ಕೆ. ಬೇರೇನಿಲ್ಲ. ಬೇರೇನಿಲ್ಲ ಅಂದ್ನಲ್ಲ! ಹಾಗೆ ನೋಡಬೇಡ ಅಕ್ಕಾ. ಏನಾದ್ರೂ ಬೈಯಿ. ಬೈದುಬಿಡು...

ಫಾದರ್ ಒಳಗಿಂದ ಬಂದಾಗ ನೀನು ಇನ್ನೂ ಬಾಗಿಲ ಹತ್ರಾನೇ ಇದ್ದೆ, ಅಲ್ವಾ? ಚಪ್ಪಲಿ ಹಾಕ್ಕೋತಿದ್ದೆ. "ಆ ತಾಯಿ ಎಲ್ಲಿ? ಯಾರವರು, ನಿಮಗೆ ಗೊತ್ತಾ?" ಅಂತ ಅವರು ನನ್ನ ಕೇಳಿದ್ದು... ನಿನಗೆ ಕೇಳಿಸ್ತಾ?

ಕೇಳಿಸ್ತು, ನಿನ್ನ ಕಣ್ಣೇ ಹೇಳ್ತಿದೆ.

"ಗೊತ್ತಿಲ್ಲ ಫಾದರ್, ಯಾರೋ ದಾರೀಲಿ ಹೋಗೋ ಹೆಂಗಸು" ಅಂದೆ. ಅವರು ಇನ್ನೊಂದ್ಸಲ ಕೇಳಿದ್ರು. ಇನ್ನೊಂದ್ಸಲಾನೂ ಅದನ್ನೇ ಅಂದೆ.

ಮುಖ ನೋಡಿದ್ದೆ ಅಕ್ಕಾ. ಕಾಲಿಗಿಂತ ಮುಂಚೆ ಮುಖಾನೇ ನೋಡಿದ್ದು. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನ ಸಾಕಿ ಓದಿಸಿದ ಮುಖ, ಗುರುತು ಸಿಗದೇ ಇರುತ್ತಾ? ನೀನು ದೂರದಿಂದಲೇ ನನ್ನ ನೋಡಿ, ಕೂದಲು ಸರಿಮಾಡ್ಕೊಂಡು, ನೋಡೋ ನಾನೆಲ್ಲಿ ಕೂತಿದ್ದೀನಿ ಅನ್ನೋ ಹಾಗೆ ನಕ್ಕೆ. ಆ ನಗು ಯಾರ ಕಣ್ಣಿಗಾದ್ರೂ ಬಿದ್ದುಬಿಟ್ರೆ ಅಂತ ಹೆದರಿ, ಓಡಿ ಬಂದು "ಏಳಮ್ಮಾ" ಅಂದೆ.