ಅರ್ಜಿ ಬರೆಯದೆ ಕೊಂಡ ಸಿಮ್ ಕಾರ್ಡು

ನನ್ನ ಹೆಸರು, ಗಂಡನ ಹೆಸರು ಠಾಣೆಯ ಪುಸ್ತಕದಲ್ಲಿ ಬೆಳಿಗ್ಗೆಯೇ ಬರೆದುಕೊಂಡಿದ್ದಾರೆ. ವಯಸ್ಸು ಐವತ್ತನಾಲ್ಕು ವರ್ಷ. ಉದ್ಯೋಗ ಬಸ್ ಕಂಡಕ್ಟರ್, ಸೇವೆ ಇಪ್ಪತ್ತೇಳು ವರ್ಷ, ಇದುವರೆಗೆ ಒಂದು ಮೆಮೊ ಸಹ ಇಲ್ಲ. ವಾಸ ಬಸ್ ಡಿಪೋ ಹಿಂದಿನ ಮೂರನೇ ಅಡ್ಡರಸ್ತೆ, ಹಿಟ್ಟಿನ ಗಿರಣಿಯ ಮೇಲಿನ ಮಹಡಿ ಮನೆ. ಇಂದು 27ನೇ ತಾರೀಖು ಬೆಳಿಗ್ಗೆ 10-20ಕ್ಕೆ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ, ನಾನು ಯಾರ ಗಂಡನನ್ನೂ ಇಟ್ಟುಕೊಂಡಿಲ್ಲ.

ದೂರುದಾರಳು 24ರಂದು ಕೊಟ್ಟ ದೂರನ್ನು ನನಗೆ ಓದಿ ಹೇಳಲಾಯಿತು. ಆಕೆಯ ಗಂಡ ನಾಲ್ಕು ತಿಂಗಳಿಂದ ಹೊರದೇಶದಲ್ಲಿ ಹೋಟೆಲುಗಳ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಕೆಲಸಕ್ಕಿದ್ದನೆಂದೂ, 2ನೇ ತಾರೀಖಿನ ನಂತರ ಅವನ ಸುದ್ದಿ ಇಲ್ಲವೆಂದೂ, 5ರಂದು ಅವನ ನಂಬರಿಗೆ ಫೋನ್ ಮಾಡಿದರೆ ಒಬ್ಬ ಹೆಂಗಸು ಎತ್ತಿದಳೆಂದೂ, ಅವಳು ಅವನನ್ನು ಮರುಳು ಮಾಡಿ ತನ್ನ ಬಳಿ ಇರಿಸಿಕೊಂಡಿದ್ದಾಳೆಂದೂ ಬರೆದಿದೆ. ಎತ್ತಿದವಳು ಅಲ್ಲಿಯ ಭಾಷೆಯವಳಾಗಿದ್ದರೆ ಏನೋ ತಪ್ಪಾಗಿದೆ ಅಂದುಕೊಳ್ಳುತ್ತಿದ್ದೆ, ಅವಳು ನಮ್ಮ ಭಾಷೆಯಲ್ಲೇ ಮಾತಾಡಿದ್ದರಿಂದ ನನ್ನ ಅನುಮಾನ ಗಟ್ಟಿಯಾಯಿತು ಎಂದೂ, ಇನ್ನು ಹುಡುಕುವುದು ಬೇಡವೆಂದು ಸುಮ್ಮನಿದ್ದವಳು ಈಗ ತಮ್ಮನ ಒತ್ತಾಯಕ್ಕೆ ದೂರು ಕೊಡುತ್ತಿದ್ದೇನೆ ಎಂದೂ ಇದೆ. ಅದೇ ನಂಬರಿನಿಂದ ನಮ್ಮ ಮನೆಯ ಫೋನಿಗೆ ಹದಿನಾಲ್ಕು ಕರೆ ಬಂದಿರುವುದು ಪೊಲೀಸರಿಗೆ ಗೊತ್ತಾಗಿ, ನಿನ್ನೆ ಸಂಜೆ 5-45ಕ್ಕೆ ಇಬ್ಬರು ಪೇದೆಗಳು ಡಿಪೋಗೆ ಬಂದರು. ಆಗ ನಾನು ಟಿಕೆಟ್ ಮೆಷಿನ್ ವಾಪಸು ಒಪ್ಪಿಸುತ್ತಿದ್ದೆ. ಸುತ್ತ ಮೂವತ್ತು ಜನರಿದ್ದರು. ಒಬ್ಬ ಡ್ರೈವರು, ಅಕ್ಕಾ, ಫಾರಿನ್ ರೂಟು ಹೆಂಗಿತ್ತು ಎಂದು ಕೇಳಿದ. ಅವನನ್ನು ಆಮೇಲೆ ವಿಚಾರಿಸಿಕೊಳ್ಳುತ್ತೇನೆ.

ಇಂದು ನಾನು ಒಳಗೆ ಬರುವಾಗ ದೂರುದಾರಳು ಬಾಗಿಲ ಬಳಿಯ ಬೆಂಚಿನ ಮೇಲೆ ತನ್ನ ತಮ್ಮನ ಜೊತೆ ಕೂತಿದ್ದಳು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಇಷ್ಟು ವಯಸ್ಸಾದೋಳಾ ಎಂದು ತಮ್ಮನಿಗೆ ಹೇಳಿದಳು. ಹೇಳಿಕೆ ಬರೆಯುವ ರೈಟರ್ ನಕ್ಕರು. ಅದನ್ನೂ ಬರೆದುಕೊಳ್ಳಿ ಎಂದೆ. ಬರೆದುಕೊಂಡಿದ್ದಾರೆ.

ನಡೆದದ್ದು ಇಷ್ಟು. ನಾನು ಮತ್ತು ನನ್ನ ನಾದಿನಿ, ಅಂದರೆ ಗಂಡನ ತಂಗಿ, ಇಪ್ಪತ್ತೆರಡು ಜನರ ಗುಂಪಿನಲ್ಲಿ ಏಳು ದಿನದ ಪ್ರವಾಸಕ್ಕೆ ಹೋಗಿದ್ದೆವು. 5ರಂದು ವಿಮಾನ ಇಳಿದು ಮಧ್ಯಾಹ್ನ 2-15ಕ್ಕೆ ಹೊರಗೆ ಬಂದೆವು. ಊರಿಗೆ ಮಾತಾಡಲು ಒಂದು ಪ್ರೀಪೇಯ್ಡ್ ಸಿಮ್ ಕಾರ್ಡು ಬೇಕಿತ್ತು. ಕಂಪನಿಯ ಕೌಂಟರಿನ ಮುಂದೆ ಹತ್ತೊಂಬತ್ತು ಜನರ ಸಾಲಿತ್ತು. ಅರ್ಜಿ ಬರೆಯಬೇಕು, ಪಾಸ್‌ಪೋರ್ಟ್ ನಕಲು ಕೊಡಬೇಕು, ಫೋಟೋ ತೆಗೆಸಿಕೊಳ್ಳಬೇಕು. ನಮ್ಮ ಗಾಡಿ 2-50ಕ್ಕೆ ಬಿಡುತ್ತದೆ ಎಂದು ಗೈಡು ಆಗಲೇ ಬಾವುಟ ಅಲ್ಲಾಡಿಸುತ್ತಿದ್ದ. ಅತ್ತಿಗೆ, ಈ ಕ್ಯೂ ನಿಂತರೆ ನಾವಿಬ್ಬರೂ ಇಲ್ಲೇ ಮುದುಕಿಯರಾಗ್ತೀವಿ ಎಂದು ನಾದಿನಿ ಗೊಣಗಿದಳು.

ಗೇಟಿನಿಂದ ನಲವತ್ತು ಹೆಜ್ಜೆ ದೂರದಲ್ಲಿ ಬೆಲ್ಟು, ಗಡಿಯಾರ, ಫೋನಿನ ಕವರು ಮಾರುವ ಒಂದು ಗೂಡಂಗಡಿ ಇತ್ತು. ಅದರವನು ಹರುಕು ಮುರುಕು ಇಂಗ್ಲಿಷಿನಲ್ಲಿ, ಅರ್ಜಿ ಬೇಡ, ಪಾಸ್‌ಪೋರ್ಟ್ ಬೇಡ, ಓಡುತ್ತಿರುವ ಕಾರ್ಡೇ ಇದೆ, ತೊಂಬತ್ತು ನಿಮಿಷದ ಮಾತು ಒಳಗೇ ಇದೆ ಎಂದು ಹೇಳಿದ. ಬಂದ ಕರೆಗೂ ನಿಮಿಷ ಕಡಿತವಾಗುತ್ತದೆ ಎಂದೂ ಹೇಳಿದ. ತಗಡಿನ ಡಬ್ಬಿಯಿಂದ ಒಂದು ಕಾರ್ಡು ಹೆಕ್ಕಿ ತೆಗೆದ. ಕವರು ಇರಲಿಲ್ಲ, ಅಂಚು ಸವೆದಿತ್ತು. ಅದು ಬೇರೆಯವರ ಕಾರ್ಡು ಎಂದು ನನಗೆ ಗೊತ್ತಾಗಲಿಲ್ಲವೇ ಎಂದು ಠಾಣೆಯ ಸಾಹೇಬರು ಕೇಳಿದರು. ಗೊತ್ತಾಯಿತು. ಟಿಕೆಟಿಲ್ಲದೆ ಹತ್ತಿದವರನ್ನು ಇಪ್ಪತ್ತೇಳು ವರ್ಷ ಕೆಳಗಿಳಿಸಿದವಳಿಗೆ ಅಷ್ಟು ತಿಳಿಯದೆ ಇರುತ್ತದೆಯೇ? ಗಾಡಿ ಹೊರಡುತ್ತಿತ್ತು, ತಗೊಂಡೆ.

ಅದೇ ದಿನ ಸಂಜೆ 4-10ಕ್ಕೆ, ಹೋಟೆಲಿನ ಮೂರನೇ ಮಹಡಿಯ ಕೋಣೆಯಲ್ಲಿ ನಾನು ಚಪ್ಪಲಿ ಬಿಚ್ಚುತ್ತಿರುವಾಗ ಮೊದಲ ಕರೆ ಬಂತು. ಒಂದು ಹೆಣ್ಣು ದನಿ, ರೀ, ಮೂರು ದಿನದಿಂದ ಎಲ್ಲಿ ಹಾಳಾಗಿ ಹೋಗಿದ್ರಿ ಎಂದು ಶುರುಮಾಡಿತು. ಯಾರಮ್ಮಾ ನೀನು ಎಂದೆ. ಅದನ್ನ ನಾನು ಕೇಳ್ಬೇಕು, ನೀನ್ಯಾರೇ ಎಂದಳು. ಇದು ಇವತ್ತು ಅಂಗಡಿಯಲ್ಲಿ ಕೊಂಡ ಕಾರ್ಡು, ನಿನ್ನ ಗಂಡನ ಮುಖ ಸಹ ನೋಡಿಲ್ಲ ಎಂದು ಸಮಾಧಾನವಾಗಿಯೇ ಹೇಳಿದೆ. ಅಂಗಡೀಲಿ ಗಂಡಸರ ನಂಬರು ಮಾರ್ತಾರಾ, ಸಿಕ್ಕಿಬಿದ್ದ ಮೇಲೆ ಎಲ್ಲಾ ಹೆಂಗಸರೂ ಇಂಥದೇ ಕಥೆ ಕಟ್ಟೋದು ಎಂದು ಆಕೆ ಬಾಯಿಗೆ ಬಂದಂತೆ ಬೈದಳು. ನಾನೂ ಬೈದೆ. ಆರು ನಿಮಿಷ ಹೋಯಿತು.

6ರಂದು ಎರಡು ಸಲ, 7ರಂದು ಎರಡು ಸಲ ಆಕೆ ಫೋನ್ ಮಾಡಿದಳು. ಒಮ್ಮೆ ಬೈಗುಳ, ಒಮ್ಮೆ ಅಳು. ಮಗಳ ಮುಖ ನೋಡಿಯಾದರೂ ಕಳಿಸಿಕೊಡು ಎಂದು ಒಮ್ಮೆ ಬೇಡಿದಳು. ನನ್ನ ನಿಮಿಷ ತಿಂದು ನನ್ನನ್ನೇ ಉಗಿಯುತ್ತಾಳಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ಕಾರ್ಡು ಬಿಸಾಡಬಹುದಿತ್ತಲ್ಲ ಎಂದು ಸಾಹೇಬರು ಕೇಳಿದರು. ಬಿಸಾಡಬಹುದಿತ್ತು. ಆದರೆ ಇನ್ನೂ ಐವತ್ತು ನಿಮಿಷದ ಮಾತು ಉಳಿದಿತ್ತು. ಉಳಿದದ್ದನ್ನು ಬಿಸಾಡಿ ನನಗೆ ಅಭ್ಯಾಸವಿಲ್ಲ. ಒಂದು ಚೂರು ಸೋಪನ್ನೂ ಬಿಸಾಡದ ಮನೆಯಲ್ಲಿ ಬೆಳೆದವಳು ನಾನು.

ಇದಲ್ಲದೆ 6, 7, 8, 9ನೇ ತಾರೀಖುಗಳಲ್ಲಿ ದಿನಕ್ಕೊಂದರಂತೆ, ಬೆಳಿಗ್ಗೆ 11ರಿಂದ 11-15ರ ಒಳಗೆ, ಆ ದೇಶದ್ದೇ ಒಂದು ಸ್ಥಿರ ದೂರವಾಣಿಯಿಂದ ಕರೆ ಬಂತು. ಮೊದಲ ದಿನ ಎತ್ತಿದೆ. ಒಬ್ಬ ಹೆಂಗಸು ಅಲ್ಲಿಯ ಭಾಷೆಯಲ್ಲಿ ಏನೋ ಹೇಳಿ, ಆಮೇಲೆ ನಮ್ಮ ಕಾರ್ಡಿನ ನಂಬರನ್ನೇ ಇಂಗ್ಲಿಷಿನಲ್ಲಿ ಒಂದೊಂದೇ ಅಂಕಿಯಾಗಿ ಓದಿ ಏನನ್ನೋ ಕೇಳಿದಳು. ನನಗೆ ಅಂಕಿ ಬಿಟ್ಟು ಬೇರೇನೂ ಅರ್ಥವಾಗಲಿಲ್ಲ. ಏನಾದರೂ ಮಾರೋರು ಇರಬೇಕು, ಕಟ್ ಮಾಡಿ ಅತ್ತಿಗೆ ಎಂದು ನಾದಿನಿ ಹೇಳಿದಳು. ಕಟ್ ಮಾಡಿದೆ. ಮಿಕ್ಕ ಮೂರು ದಿನ ಎತ್ತಲೇ ಇಲ್ಲ. ಆ ನಂಬರಿನ ಕೊನೆಯ ನಾಲ್ಕು ಅಂಕಿ 4417. ನಂಬರು ನನಗೆ ಮರೆಯುವುದಿಲ್ಲ.

8ರಂದು ಮಧ್ಯಾಹ್ನ 1-15ಕ್ಕೆ ನಾವು ದೋಣಿ ಹತ್ತುವ ಕಟ್ಟೆಯ ಮೇಲೆ ಬಿಸಿಲಲ್ಲಿ ಸಾಲು ನಿಂತಿದ್ದೆವು. ಆಗ ದೂರುದಾರಳ ಆರನೇ ಕರೆ ಬಂತು. ನಾಳೆ ಬೆಳಿಗ್ಗೆ ನಮ್ಮನೆಯವರನ್ನ ಕಳಿಸಿದ ಏಜೆಂಟನ ಆಫೀಸಿಗೆ ಹೋಗಿ ಕೂತ್ಕೋತೀನಿ, ಅವರನ್ನ ಹುಡುಕಿಕೊಡೋ ತನಕ ಏಳಲ್ಲ, ನಿನ್ನ ಬಣ್ಣಾನೂ ಬಯಲು ಮಾಡ್ತೀನಿ ಎಂದಳು. ಕೊನೆಗೆ ನನಗೊಂದು ಪದ ಅಂದಳು. ಕುಡಿದು ಬಸ್ಸು ಹತ್ತಿದವರು ಸಹ ಆ ಪದವನ್ನು ನನಗೆ ಅಂದದ್ದಿಲ್ಲ.

ಇಲ್ಲಿ ನಾನು ಆಡಿದ ಮಾತನ್ನು ಇದ್ದದ್ದು ಇದ್ದ ಹಾಗೆ ಬರೆಯಲು ರೈಟರಿಗೆ ಹೇಳಿದ್ದೇನೆ. ಹೌದು ಕಣೇ, ನಿನ್ನ ಗಂಡ ನನ್ನ ಹತ್ರಾನೇ ಇದ್ದಾನೆ, ಇಲ್ಲೇ ಪಕ್ಕದಲ್ಲಿ ನಿಂತಿದ್ದಾನೆ, ನಿನ್ನ ಜೊತೆ ಮಾತಾಡೋಕೆ ಇಷ್ಟ ಇಲ್ವಂತೆ, ಏಜೆಂಟನ ಹತ್ರ ಹೋಗಿ ಏನು ಕಿತ್ಕೋತೀಯೋ ಕಿತ್ಕೋ ಎಂದೆ. ನಾದಿನಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಸಾಲಿನಲ್ಲಿದ್ದ ನಮ್ಮ ಗುಂಪಿನವರೂ ನಕ್ಕರು. ಇನ್ನೂ ದೊಡ್ಡ ಬೈಗುಳ ಬರುತ್ತದೆ ಎಂದು ನಾನು ಟೊಂಕ ಕಟ್ಟಿ ನಿಂತಿದ್ದೆ.

ಬೈಗುಳ ಬರಲಿಲ್ಲ. ಆ ಕಡೆ ನಲ್ಲಿಯ ನೀರು ಬಕೆಟ್ಟಿಗೆ ಬೀಳುವ ಸದ್ದು ಕೇಳುತ್ತಿತ್ತು. ನಲ್ಲಿ ನಿಲ್ಲಿಸಿದ್ದೂ ಕೇಳಿಸಿತು. ಹುಷಾರಾಗಿದಾರಾ ಎಂದು ಆಕೆ ಕೇಳಿದಳು. ಹುಷಾರಾಗಿದ್ದಾನೆ ಎಂದೆ. ಊಟ ಸರಿಯಾಗಿ ಮಾಡ್ತಾರಾ ಎಂದಳು. ಮಾಡ್ತಾನೆ ಎಂದೆ. ಏನೇನೋ ಕೆಟ್ಟದ್ದೆಲ್ಲಾ ಯೋಚನೆ ಮಾಡ್ಬಿಟ್ಟಿದ್ದೆ, ಜೀವಂತ ಇದಾರಲ್ಲ, ಅಷ್ಟು ಸಾಕು, ನಾನಿನ್ನು ಹುಡುಕಲ್ಲ ಎಂದು ಹೇಳಿ ಫೋನು ಇಟ್ಟಳು. ಕರೆಯ ಅವಧಿ ಒಂದು ನಿಮಿಷ ಐವತ್ತು ಸೆಕೆಂಡು. ವಾಪಸು ಫೋನ್ ಮಾಡಿ, ಇಲ್ಲಮ್ಮಾ, ಸಿಟ್ಟಿಗೆ ಹೇಳಿದೆ ಎನ್ನಬೇಕಿತ್ತು. ದೋಣಿ ಬಂತು, ನಾದಿನಿ ಕೈ ಹಿಡಿದು ಎಳೆದಳು, ಹತ್ತಿ ಕೂತೆ. ಅದಾದ ಮೇಲೆ ಆಕೆ ಫೋನ್ ಮಾಡಲಿಲ್ಲ. ಪೀಡೆ ತೊಲಗಿತು ಎಂದು ನಾದಿನಿ ಅಂದಳು. ನಾನೂ ಹೂಂ ಎಂದೆ. 11ರಂದು ಹಿಂತಿರುಗುವಾಗ ಕಾರ್ಡನ್ನು ವಿಮಾನ ನಿಲ್ದಾಣದ ಕಸದ ಬುಟ್ಟಿಗೆ ಹಾಕಿದೆ. ಅದರಲ್ಲಿ ಮೂರು ನಿಮಿಷ ಉಳಿದಿತ್ತು.

ಇಷ್ಟು ಬರೆದಾಗ ಮಧ್ಯಾಹ್ನ 12-05 ಆಗಿತ್ತು. ಸುಳ್ಳು ದೂರು ಕೊಟ್ಟು ನನ್ನ ಮಾನ ತೆಗೆದದ್ದಕ್ಕೆ ದೂರುದಾರಳ ಮೇಲೆ ಕ್ರಮ ಆಗಬೇಕು ಎಂದು ನಾನು ಹೇಳುತ್ತಿರುವಾಗ ಸಾಹೇಬರನ್ನು ಹೊರಗೆ ಕರೆದರು. ಅವರು ಒಂದು ಕಾಗದ ಹಿಡಿದುಕೊಂಡು ಒಳಗೆ ಬಂದು ಬಾಗಿಲು ಹಾಕಿದರು. ಆ ದೇಶದಲ್ಲಿರುವ ನಮ್ಮ ಸರ್ಕಾರದ ಕಚೇರಿಗೆ ಬರೆದಿದ್ದಕ್ಕೆ ಉತ್ತರ ಬಂದಿತ್ತು. ಅದನ್ನು ನನಗೆ ಓದಿ ಹೇಳಿದರು.

ದೂರುದಾರಳ ಗಂಡ ಹಳೆಯ ಲಾಂಡ್ರಿ ಬಿಟ್ಟು ಹೊಸ ಲಾಂಡ್ರಿಗೆ ಸೇರಲು ಹೋಗುತ್ತಿದ್ದ ದಿನವೇ, 2ನೇ ತಾರೀಖು ಸಂಜೆ, ರಸ್ತೆಯಲ್ಲಿ ವಾಹನ ಹೊಡೆದು ಬಿದ್ದಿದ್ದಾನೆ. ಬಿದ್ದ ಜಾಗದಲ್ಲೇ ಯಾರೋ ಅವನ ಚೀಲ, ಫೋನು ಎತ್ತಿಕೊಂಡು ಹೋಗಿದ್ದಾರೆ. ಬಿಟ್ಟ ಕಡೆಯವರು ಹೋದ ಎಂದುಕೊಂಡರು, ಸೇರುವ ಕಡೆಯವರು ಬರಲಿಲ್ಲ ಎಂದುಕೊಂಡರು, ಯಾರೂ ಹುಡುಕಲಿಲ್ಲ. ಆಸ್ಪತ್ರೆಯವರಿಗೆ ಸಿಕ್ಕ ಗುರುತು ಒಂದೇ. ಲಾಂಡ್ರಿಯ ಕೆಲಸಗಾರರು ತಮ್ಮ ಸ್ವಂತ ಬಟ್ಟೆ ಬೇರೆಯವರದ್ದರಲ್ಲಿ ಬೆರೆಯಬಾರದೆಂದು ಅಂಗಿಯ ಕಾಲರಿನ ಒಳಗೆ, ಒಗೆದರೂ ಹೋಗದ ಮಸಿಯಲ್ಲಿ ತಮ್ಮ ಮೊಬೈಲ್ ನಂಬರು ಬರೆದುಕೊಳ್ಳುತ್ತಾರಂತೆ. ಆ ನಂಬರಿಗೆ ಆಸ್ಪತ್ರೆಯಿಂದ ನಾಲ್ಕು ದಿನ ಫೋನ್ ಮಾಡಿದ್ದಾರೆ. ಮೊದಲ ದಿನ ಒಬ್ಬ ಹೆಂಗಸು ಎತ್ತಿ ಕಟ್ ಮಾಡಿದಳು, ಆಮೇಲೆ ಯಾರೂ ಎತ್ತಲಿಲ್ಲ ಎಂದು ಅವರ ಪುಸ್ತಕದಲ್ಲಿ ಬರೆದಿದೆ. ಆಸ್ಪತ್ರೆಯ ನಂಬರಿನ ಕೊನೆಯ ನಾಲ್ಕು ಅಂಕಿ 4417.

ಆತ 6ರಿಂದ 10ರವರೆಗೆ ಪ್ರಜ್ಞೆಯಲ್ಲಿದ್ದ. ತಲೆಗೆ ಪೆಟ್ಟಾಗಿದ್ದರಿಂದ ಬರೆಯಲು ಆಗುತ್ತಿರಲಿಲ್ಲ, ತನ್ನ ಭಾಷೆಯಲ್ಲಿ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದ, ಅದು ಅಲ್ಲಿ ಯಾರಿಗೂ ಅರ್ಥವಾಗಲಿಲ್ಲ. 13ರಂದು ಬೆಳಿಗ್ಗೆ 6-40ಕ್ಕೆ ತೀರಿಕೊಂಡ. ವಾರಸುದಾರರು ಗೊತ್ತಾಗದ ಕಾರಣ ದೇಹವನ್ನು ಶೈತ್ಯಾಗಾರದಲ್ಲಿ ಇಟ್ಟಿದ್ದಾರೆ.

ಆ ಆಸ್ಪತ್ರೆ ನನಗೆ ಗೊತ್ತು. ಬೋರ್ಡು ಓದುವುದು ನನ್ನ ಕೆಲಸದ ಚಟ. ನಮ್ಮ ಹೋಟೆಲಿನಿಂದ ಎರಡನೇ ಸ್ಟಾಪು, ಹೆಚ್ಚೆಂದರೆ ಒಂದೂವರೆ ಕಿಲೋಮೀಟರು. ಕೆಂಪು ದೀಪ ಬಿದ್ದು ನಮ್ಮ ಗಾಡಿ ಎರಡು ಸಲ ಅದರ ಗೇಟಿನ ಎದುರೇ ನಿಂತಿತ್ತು. ಆತ ಹೇಳುತ್ತಿದ್ದ ಮಾತು ಅರ್ಥವಾಗುವ ಇಪ್ಪತ್ತೆರಡು ಜನ ಆ ಗಾಡಿಯಲ್ಲಿದ್ದೆವು.

ರೈಟರ್ ಬರೆಯುವುದನ್ನು ನಿಲ್ಲಿಸಿದರು. ಬರೆಯಿರಿ ಎಂದೆ. 9ರಂದು ಏಜೆಂಟನ ಬಾಗಿಲಲ್ಲಿ ಕೂರಲು ಹೊರಟಿದ್ದವಳನ್ನು ಕೂರದಂತೆ ಮಾಡಿದ್ದು ನಾನು. ಆಸ್ಪತ್ರೆಯವರ ಫೋನು ಕಟ್ ಮಾಡಿದ್ದೂ ನಾನು. ಆ ಮಾತು ಆಡೆಂದು ಯಾರೂ ನನ್ನ ಕುತ್ತಿಗೆ ಹಿಡಿದಿರಲಿಲ್ಲ. ನಾದಿನಿಯನ್ನು ಇದಕ್ಕೆ ಸೇರಿಸಬೇಡಿ. ದೂರುದಾರಳ ಮೇಲೆ ಕ್ರಮ ಆಗಬೇಕು ಎಂದು ಮೇಲೆ ಹೇಳಿದ್ದನ್ನು ವಾಪಸು ತೆಗೆದುಕೊಳ್ಳುತ್ತೇನೆ.

12-40ಕ್ಕೆ ದೂರುದಾರಳ ತಮ್ಮ ಬಾಗಿಲು ತಳ್ಳಿ ತಲೆ ಹಾಕಿದ. ಸಾರ್, ಒಪ್ಕೊಂಡ್ರಾ ಎಂದು ಕೇಳಿದ. ಅಕ್ಕ ಹೇಳ್ತಿದಾಳೆ ಸಾರ್, ಕೇಸು ಗೀಸು ಏನೂ ಬೇಡ್ವಂತೆ, ಈ ಯಮ್ಮ ಬಾವನ್ನ ವಾಪಸ್ ಕಳಿಸ್ಬಿಟ್ರೆ ಸಾಕಂತೆ, ಒಂದು ಮಾತೂ ಕೇಳಲ್ವಂತೆ ಎಂದ. ಸಾಹೇಬರು ಅವನನ್ನು ಹೊರಗೆ ಕೂರಲು ಹೇಳಿದರು. ಸುದ್ದಿಯನ್ನು ನಾನೇ ಹೇಳುತ್ತೇನೆ ಎಂದು ಕೇಳಿಕೊಂಡೆ. ಅದಕ್ಕೆ ಅವಕಾಶವಿಲ್ಲ, ಮೊದಲು ಸಹಿ ಮಾಡಿ ಎಂದರು.

ಈ ಹೇಳಿಕೆಯನ್ನು ನನಗೆ ಓದಿ ಹೇಳಿದ್ದಾರೆ. ಇದರಲ್ಲಿ ಇರುವುದೆಲ್ಲ ನಿಜ, ಯಾರ ಒತ್ತಾಯವೂ ಇಲ್ಲ. ದೂರುದಾರಳು ನನ್ನ ಮೇಲೆ ಬರೆದುಕೊಟ್ಟದ್ದು ಸುಳ್ಳು. ಅದು ನಿಜವಾಗಿದ್ದರೆ ಎಷ್ಟೋ ಚೆನ್ನಾಗಿತ್ತು.

ಸ್ಥಳ: ಠಾಣೆ, ರೈಟರ್ ಕೋಣೆ
ತಾರೀಖು: 27, ಮಧ್ಯಾಹ್ನ 12-55
ಸಹಿ