ಭಾವನ ಹೆಸರಲ್ಲಿ ಕಣ್ಣಿನ ಚೀಟಿ

ಕಣ್ಣಾಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕಕ್ಕೆ ಒಬ್ಬ ಅಕ್ಕ ಮತ್ತು ಅವರ ತಮ್ಮ ಕೂತಿದ್ದರು. ಇಬ್ಬರಿಗೂ ತಲೆ ನರೆತಿತ್ತು. ನರ್ಸಮ್ಮ ಒಂದು ಹೆಸರನ್ನು ಮತ್ತೆ ಮತ್ತೆ ಕೂಗಿದರೂ ಯಾರೂ ಏಳಲಿಲ್ಲ.

"ಏನೋ ಇದು, ನಿಮ್ಮ ಭಾವನ ಹೆಸರು ಕೂಗ್ತಿದ್ದಾರೆ?"

"ನನ್ನ ಚೀಟೀಲಿ ನಾನೇ ಹಾಗೆ ಬರೆಸಿದ್ದು ಅಕ್ಕಾ."

"ಅವರ ಕಣ್ಣಿಗೇನಾಗಿದೆ? ಬೀದಿ ಆ ತುದೀಲಿ ಯಾರು ಜಗಳ ಆಡ್ತಿದ್ದಾರೆ ಅಂತ ಕೂತಲ್ಲಿಂದ್ಲೇ ಹೇಳ್ತಾರೆ!"

"ಮೆಲ್ಲಗೆ ಮಾತಾಡಕ್ಕಾ. ಅಂಗಡಿ ಮುಳುಗಿ ನಾನು ದಿವಾಳಿ ಅಂತ ಕೋರ್ಟಿಗೆ ಬರ್ಕೊಟ್ಟಿದ್ದು ಪೇಪರಲ್ಲೂ ಬಂದಿದೆ. ಇಷ್ಟು ಜನರ ಮಧ್ಯೆ ನನ್ನ ಹೆಸರು ಕೂಗಿದ್ರೆ ಮುಖ ಎಲ್ಲಿಟ್ಕೊಳ್ಲಿ?"

"ನಾಳೆ ಆಪರೇಷನ್ ಅಂದ್ರೆ ನಿಮ್ಮ ಭಾವನ್ನ ಮಲಗಿಸ್ತೀಯಾ? ಏಳು, ಸರಿ ಮಾಡಿಸ್ಕೊಂಡು ಬಾ."

ತಮ್ಮ ಎದ್ದು ಹೋಗಿ ಏನೋ ಗೊಣಗಿದರು. ನರ್ಸಮ್ಮನಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಗೊಣಗಿದರು. ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎಂದು ಆಕೆ ಅವರ ನಿಜವಾದ ಹೆಸರನ್ನು ಇಡೀ ಹಾಲಿಗೆ ಕೇಳುವಂತೆ ಕೂಗಿಯೇ ಬಿಟ್ಟರು.

ಕಣ್ಣಿಗೆ ಹನಿ ಹಾಕಿಸಿಕೊಂಡು ಒರಗಿದ್ದ ಅಜ್ಜ ಒಬ್ಬರು ಮಾತ್ರ, "ನನ್ನನ್ನಾ ಕರೆದಿದ್ದು?" ಎಂದರು.

ತಮ್ಮ ವಾಪಸು ಬಂದು ತಲೆ ತಗ್ಗಿಸಿ ಕೂತರು.

"ನೋಡಿದ್ಯಾ? ಒಬ್ರೂ ನಿನ್ನ ಕಡೆ ತಿರುಗ್ಲಿಲ್ಲ."

"ನೀನು ತಿರುಗ್ದೆ ಅಕ್ಕಾ. ಯಾರು ನೋಡ್ತಿದ್ದಾರೋ ಅಂತ ಸುತ್ತ ಕಣ್ಣಾಡಿಸ್ದೆ."

ಅಕ್ಕ ಕೈಚೀಲದ ಹಿಡಿಯನ್ನು ತಿರುಚಿದರು.

"ಹೂಂ ಕಣೋ. ನೋಡ್ದೆ."

ಒಳಗಿನಿಂದ ಮತ್ತೆ ತಮ್ಮನ ನಿಜವಾದ ಹೆಸರನ್ನೇ ಕೂಗಿದರು. ಈ ಸಲ ಅಕ್ಕನೇ ಮೊದಲು ಎದ್ದು, "ಬಂದ್ವಿ!" ಎಂದು ಗಟ್ಟಿಯಾಗಿ ಹೇಳಿ, ತಮ್ಮನ ಕೈ ಹಿಡಿದುಕೊಂಡು ಹೋದರು.